ಓಡುವಾಗ ಜೋಡಿ, ನಿಂತಾಗ ಬೇರೆ

ದಂಡಿನಶಿವರದ ಸಂತೆಯಲ್ಲಿ ಆ ದಿನ ನಾನು ಮೊದಲ ಸಲ ಫಸ್ಟ್ ಬಂದೆ. ಬೆಟ್ಟದ ದಾರಿಯ ರೇಸು, ಐದು ಸುತ್ತು, ನನ್ನದು ನೀಲಿ ಕಾರು. ನಿಂತ ಕಾರಿನಲ್ಲಿ ಕೂತು ಟೀವಿಯೊಳಗಿನ ಕಾರನ್ನು ಓಡಿಸುತ್ತಿದ್ದೆ. ಮೆಣಸಿನಕಾಯಿ ಬಜ್ಜಿ ತರಲು ಹೋಗಿದ್ದ ನಮ್ಮ ಮನೆಯವರು ಪೊಟ್ಟಣ ಹಿಡಿದು ಬಂದು ಕಿಟಕಿಯಲ್ಲಿ ಬಗ್ಗಿದರು. ಪರದೆಯ ತುಂಬ ಒಂದು ಎಂಬ ಅಂಕಿ ಇತ್ತು. ಅದನ್ನು ನೋಡಿದವರೇ ಪಕ್ಕದಲ್ಲಿ ಬಳೆ ಮಾರುವ ಅಕ್ಕನ ಹತ್ತಿರ ಹೋಗಿ ಪೊಟ್ಟಣ ಬಿಚ್ಚಿ ಮೊದಲನೆಯ ಬಜ್ಜಿಯನ್ನು ಅವಳಿಗೆ ಕೊಟ್ಟರು.

"ತಗಳಕ್ಕ, ನಮ್ಮನೇಲಿ ಫಸ್ಟ್ ಬಂದವ್ರೆ."

ಬಳೆ ಅಕ್ಕ ಬಜ್ಜಿ ಕಚ್ಚುತ್ತ ನನ್ನ ಕಡೆ ನೋಡಿದಳು. "ಎಲ್ಲಿಗೆ ಹೋಗಿ ಬಂದ್ಳಪ್ಪ ಫಸ್ಟು? ಆಗ್ಲಿಂದ ಕೂತಲ್ಲೇ ಕೂತವ್ಳೆ."

ಅದು ನಮ್ಮಿಬ್ಬರ ಕೊನೆಯ ಮಾಮೂಲು ದಿನ. ಮಾರನೆಯ ಬೆಳಿಗ್ಗೆ ಅವರಿಗೆ ಎದೆ ನೋವು ಬಂತು, ಕಾರು ಸ್ಟಾರ್ಟ್ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಬೇಕಾದರೆ, ಕಾರಿನೊಳಗೆ ವಿಡಿಯೋ ಗೇಮಿಗೆ ಕರೆಂಟು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು. ಅದನ್ನು ಹೇಳುವಾಗ ನನಗೆ ಈಗಲೂ ನಗು ಬರುತ್ತದೆ.

ನಾವು ಸಂತೆ ಬಟ್ಟೆಯವರು. ನೈಟಿ, ಒಳಲಂಗ, ಟವೆಲ್ಲು, ಲುಂಗಿ ಮಾರುತ್ತೇವೆ. ತುರುವೇಕೆರೆ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಪಾಲಿಗೆ ಬಂದ ತೆಂಗಿನ ಮರಗಳು ಮನೆ ಬಳಕೆಗೂ ಒಂದಿಷ್ಟು ಕೊಬ್ಬರಿಗೂ ಆಗುತ್ತಿದ್ದವು, ಜೀವನಕ್ಕೆ ಸಂತೆ. ಹಿಂದಿನ ಬಾಗಿಲನ್ನು ಮೇಲಕ್ಕೆತ್ತುವಂಥ ಹಳೆಯ ಕಾರು ಇತ್ತು. ಎತ್ತಿದ ಬಾಗಿಲಿನಿಂದ ಎರಡು ಕೋಲಿಗೆ ಟಾರ್ಪಾಲು ಎಳೆದು ಕಟ್ಟಿದರೆ ಅದೇ ಅಂಗಡಿ. ಒಂದು ದಿನ ದಂಡಿನಶಿವರ, ಒಂದು ದಿನ ಅಮ್ಮಸಂದ್ರ, ಒಂದು ದಿನ ಅರಳಗುಪ್ಪೆ, ದೂರ ಹೋದರೆ ಚಿಕ್ಕನಾಯಕನಹಳ್ಳಿಯ ಕಡೆ. ಹೋದಲ್ಲೆಲ್ಲ ಬಳೆ ಅಕ್ಕನ ಗಾಡಿಯೂ ನಮ್ಮ ಪಕ್ಕದಲ್ಲೇ ಇರುತ್ತಿತ್ತು.

ಸಂತೆಗೆ ಜನ ಬೆಳಿಗ್ಗೆ ಬರುತ್ತಾರೆ, ಆಮೇಲೆ ಬಿಸಿಲು ಇಳಿದ ಮೇಲೆ ಬರುತ್ತಾರೆ. ನಡುವಿನ ಎರಡು ಮೂರು ಗಂಟೆ ಯಾರೂ ಬರುವುದಿಲ್ಲ. ನಮ್ಮ ಜಗಳಗಳೆಲ್ಲ ಆಗುತ್ತಿದ್ದದ್ದು ಆ ಹೊತ್ತಿನಲ್ಲೇ. ಮಾರಲು ಯಾರೂ ಇಲ್ಲದಿದ್ದರೆ ಒಬ್ಬರ ಮುಖವನ್ನು ಒಬ್ಬರು ನೋಡಬೇಕು. ಬೆಳಿಗ್ಗೆ ಸಾರಿಗೆ ಉಪ್ಪು ಜಾಸ್ತಿಯಾದದ್ದು, ಮಗಳ ಮದುವೆಯಲ್ಲಿ ಅವರ ಅಕ್ಕ ನನಗೆ ಅಂದದ್ದು, ಎಲ್ಲ ಆಗ ನೆನಪಾಗುತ್ತಿತ್ತು.

ಮಗಳನ್ನು ತಿಪಟೂರಿಗೆ ಕೊಟ್ಟಿದ್ದೇವೆ. ಅವಳ ಮನೆಯ ಬೀದಿಯಲ್ಲಿ ವಿಡಿಯೋ ಗೇಮ್ ಆಡಿಸುವ ಒಂದು ಅಂಗಡಿ ಇತ್ತು. ಎಲ್ಲರೂ ಫೋನಿನಲ್ಲೇ ಆಡುವ ಕಾಲ ಬಂದು ಅದು ಮುಚ್ಚುತ್ತಿತ್ತು. ಸಾಮಾನುಗಳನ್ನು ಬಾಗಿಲಿನಲ್ಲಿ ಇಟ್ಟು ಮಾರುತ್ತಿದ್ದರು. ನಾವು ಮಗಳನ್ನು ನೋಡಿಕೊಂಡು ಬರುತ್ತಿದ್ದೆವು. ನಮ್ಮ ಮನೆಯವರು ಅಲ್ಲಿ ನಿಂತು ಗೇಮ್ ಆಡಿಸುವ ಒಂದು ಕರಿಯ ಪೆಟ್ಟಿಗೆಯನ್ನು ಎತ್ತಿಕೊಂಡರು. ಎತ್ತಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು.

ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಹಾಗೆ ಅಂದರೆ ಗಿಟುಕಾಗಿದೆ ಎನ್ನುತ್ತೇವೆ, ಒಡೆಯಬಹುದು ಎಂದು ಅರ್ಥ. ಕಾಯಿ ಮನೆಯಲ್ಲಿ ಬೆಳೆದವರ ಕೈಗೆ ದುಂಡಗಿನದು ಸಿಕ್ಕರೂ ಚೌಕದ್ದು ಸಿಕ್ಕರೂ ಕಿವಿಯ ಹತ್ತಿರವೇ ಹೋಗುತ್ತದೆ. ಆ ಪೆಟ್ಟಿಗೆಯೊಳಗೂ ಏನೋ ಲೊಡಲೊಡ ಅಂದಿತು. ಅಂಗಡಿಯವನು ಗಾಬರಿಯಾಗಿ, ಒಳಗೆ ಒಂದು ಸ್ಕ್ರೂ ಬಿಚ್ಚಿಕೊಂಡಿದೆ, ಅಲ್ಲಾಡಿಸಬೇಡಿ ಅಂದ.

"ಗಿಟುಕಾಗೈತೆ ಬುಡಪ್ಪ, ಕೊಡು" ಅಂದರು ನಮ್ಮ ಮನೆಯವರು.

ಪೆಟ್ಟಿಗೆಯ ಜೊತೆ ಒಂದು ಸಣ್ಣ ಟೀವಿಯೂ, ಕೈಯಲ್ಲಿ ಹಿಡಿದು ಒತ್ತುವ ಒಂದು ರಿಮೋಟೂ, ಮೂರು ಆಟವೂ ಬಂದವು. ಒಂದೇ ರಿಮೋಟು ಇದ್ದದ್ದರಿಂದ ಒಬ್ಬರಾದ ಮೇಲೆ ಒಬ್ಬರು ಆಡಬೇಕಿತ್ತು. ಮಧ್ಯಾಹ್ನದ ಜಗಳಕ್ಕೆ ಬದಲು ಇದು ಇರಲಿ ಎಂದು ಕಾರಿಗೆಂದೇ ತಂದದ್ದು. ಒಬ್ಬರು ಆಡುವಾಗ ಇನ್ನೊಬ್ಬರು ಬಯ್ಯಬಹುದು, ಆ ಬೈಗುಳ ಆಟದ್ದಾಗಿರುತ್ತದೆ, ಸಾರಿನದಲ್ಲ. ಇದು ಅವರ ಲೆಕ್ಕ.

ಕರೆಂಟಿನ ಲೆಕ್ಕ ಅಷ್ಟು ಸುಲಭವಿರಲಿಲ್ಲ. ಕಾರಿನ ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನ ಹಾಗೆ ಮಾಡಿಕೊಡುವ ಇನ್ವರ್ಟರ್ ಎಂಬ ಡಬ್ಬಿಯೊಂದನ್ನು ತಂದರು. ಮೊದಲ ದಿನ ಅದರ ವೈರನ್ನು ಫೋನು ಚಾರ್ಜಿಗೆ ಹಾಕುವ ತೂತಿಗೆ ಸಿಕ್ಕಿಸಿದರು. ಟೀವಿ ಹೊತ್ತಿತು, ಪೆಟ್ಟಿಗೆಯಲ್ಲಿ ಹಸಿರು ದೀಪ ಬಂತು. "ನೋಡ್ದೇನೇ" ಎಂದು ಅವರು ನನ್ನ ಕಡೆ ತಿರುಗುವಷ್ಟರಲ್ಲಿ ಟಪ್ ಎಂದು ಎರಡೂ ಆರಿದವು. ಫ್ಯೂಸು ಹೋಗಿತ್ತು. ಅದರ ಜೊತೆ ರೇಡಿಯೋವೂ ಹೋಯಿತು. ಆ ದಿನ ಹಾಡಿಲ್ಲದೆ ಊಟ ಮಾಡಿದೆವು.

ಎರಡನೆಯ ಸಲ, ಅಮ್ಮಸಂದ್ರದಲ್ಲಿ, ಬಾನೆಟ್ ಎತ್ತಿ ಡಬ್ಬಿಯ ವೈರನ್ನು ನೇರವಾಗಿ ಬ್ಯಾಟರಿಗೆ ಕಚ್ಚಿಸಿದರು. ಈ ಸಲ ಚೆನ್ನಾಗಿ ನಡೆಯಿತು. ಟೀವಿಯನ್ನು ಸ್ಟೀರಿಂಗಿನ ಪಕ್ಕ, ಗಾಜಿನ ಕೆಳಗೆ ಇಟ್ಟು ಒಳಲಂಗದ ಲಾಡಿಯಿಂದ ಕಟ್ಟಿದ್ದೆವು. ಸೀಟು ಹಿಂದಕ್ಕೆ ಸರಿಸಿ, ಕಾಲು ಚಾಚಿ, ಸಂಜೆಯ ಗಿರಾಕಿ ಬರುವವರೆಗೂ ಆಡಿದೆವು. ಅವರು ಪ್ರತಿ ತಿರುವಿನಲ್ಲೂ ತಾವೇ ಆ ಕಡೆ ವಾಲುತ್ತಿದ್ದರು. ಒಬ್ಬ ಮುದುಕಿ ಲಂಗ ಕೇಳಲು ಬಂದವಳು ಕಿಟಕಿಯಲ್ಲಿ ನೋಡಿ, "ಅದ್ಯಾಕಪ್ಪ ಹಂಗೆ ಬಗ್ತೀಯ, ಹೊಟ್ಟೆನೋವಾ?" ಅಂದಳು. ಸಂತೆ ಮುಗಿದು ಸಾಮಾನು ತುಂಬಿ ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿಯನ್ನು ಪೂರ್ತಿ ಕುಡಿದಿದ್ದೆವು. ಅಲ್ಲಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬರುತ್ತಿದ್ದ ನಾಲ್ಕು ಜನ ಕಾರು ತಳ್ಳಿದರು. ಯಾಕೆ ನಿಂತಿತು ಎಂದು ಅವರು ಕೇಳಿದಾಗ ನಮ್ಮ ಮನೆಯವರು ಏನೋ ಗೊಣಗಿದರು. ಬಳೆ ಅಕ್ಕ ಮಾತ್ರ ಬಿಡಲಿಲ್ಲ. "ಗಂಡ ಹೆಂಡ್ತಿ ಮಧ್ಯಾಹ್ನ ಪೂರಾ ಅದ್ರಲ್ಲೇ ಊರೂರು ಸುತ್ತಿ ಬಂದವ್ರೆ, ಪಾಪ ಸುಸ್ತಾಗೈತೆ" ಎಂದು ಎಲ್ಲರೆದುರಿಗೆ ಹೇಳಿದಳು.

ಆ ದಿನ ಮನೆಗೆ ಬರುವಾಗ ಅವರು ತಮ್ಮ ತಾಯಿಯ ಮಾತು ತೆಗೆದರು. ನಮ್ಮ ಅತ್ತೆ ಬಾವಿಯ ಪಕ್ಕದ ಒಂದೇ ಮರದಿಂದ ಬೀಜದ ಕಾಯಿ ಇಳಿಸಿ ನೆರಳಿನ ಮೂಲೆಯಲ್ಲಿ ಜೋಡಿಸಿ ಇಡುತ್ತಿದ್ದರಂತೆ. ಮುಂದೆ ಸಸಿ ಆಗಬೇಕಾದ ಕಾಯಿ. ಒಂದು ಗೌರಿ ಹಬ್ಬದ ದಿನ ಮನೆಯಲ್ಲಿ ಒಡೆಯಲು ಒಂದು ಕಾಯಿಯೂ ಇರಲಿಲ್ಲವಂತೆ. ತೆಂಗಿನ ಸೀಮೆಯಲ್ಲಿದ್ದುಕೊಂಡು ಪಕ್ಕದ ಮನೆಗೆ ಹೋಗಿ ಕಾಯಿ ಕೇಳಿ ತಂದರೇ ಹೊರತು ಮೂಲೆಯ ಬೀಜದ ಕಾಯಿಗೆ ಕೈ ಹಾಕಲಿಲ್ಲ. ನಗುವವರು ನಗಲಿ ಎಂದು ಸುಮ್ಮನಿದ್ದರಂತೆ.

"ಕಾರಿನ ಬ್ಯಾಟ್ರಿ ಬೀಜದ ಕಾಯಿ ಕಣೇ. ಅದನ್ನ ಮುಟ್ಬಾರ್ದು. ಆಡಕ್ಕೆ ಬೇರೆ ಕಾಯಿ ಬೇಕು" ಅಂದರು.

ಬೇರೆ ಕಾಯಿ ಮಗಳ ಮನೆಯಲ್ಲಿ ಸಿಕ್ಕಿತು. ಅಲ್ಲಿ ಯುಪಿಎಸ್ ಬದಲಾಯಿಸಿದ್ದರು, ಹಳೆಯ ಬ್ಯಾಟರಿ ಮೆಟ್ಟಿಲ ಕೆಳಗೆ ಬಿದ್ದಿತ್ತು. ಕಲ್ಲಿನಷ್ಟು ಭಾರ. ಅದನ್ನು ತಂದು ಡ್ರೈವರ್ ಸೀಟಿನ ಹಿಂದೆ ನಾರಿನ ಮ್ಯಾಟಿನ ಮೇಲೆ ಕೂರಿಸಿ, ಅಲ್ಲಾಡದ ಹಾಗೆ ಹಗ್ಗ ಬಿಗಿದರು. ಅದರ ಪಕ್ಕ ಕೂರುವಾಗ ಕಿಟಕಿ ಮುಚ್ಚಬಾರದು ಎಂದು ನನಗೆ ಎರಡು ಸಲ ಹೇಳಿದರು. ಇನ್ವರ್ಟರಿನ ವೈರು ಇನ್ನು ಮೇಲೆ ಈ ಬ್ಯಾಟರಿಗೇ.

ಆದರೆ ಆಡಿ ಖಾಲಿಯಾದ ಬ್ಯಾಟರಿ ಮತ್ತೆ ತುಂಬಬೇಕಲ್ಲ. ಕಾರು ಓಡುವಾಗ ಇಂಜಿನ್ನಿನಿಂದ ಕರೆಂಟು ಬರುತ್ತದೆ. ಆಗ ಎರಡೂ ಬ್ಯಾಟರಿ ಸೇರಿಕೊಂಡಿದ್ದರೆ ಎರಡೂ ತುಂಬುತ್ತವೆ. ಕಾರು ನಿಂತಾಗ ಎರಡನ್ನೂ ಬೇರೆ ಮಾಡಬೇಕು, ಇಲ್ಲದಿದ್ದರೆ ಖಾಲಿಯಾದದ್ದು ತುಂಬಿದ್ದನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಅವರು ತೋಟದ ಹಳೆಯ ಪಂಪ್‌ಸೆಟ್ಟಿನ ಬೋರ್ಡಿನಿಂದ ಒಂದು ತಿರುಗುವ ಗುಂಡಿಯನ್ನು ಬಿಚ್ಚಿ ತಂದು ಸೀಟಿನ ಕೆಳಗೆ, ಕೈ ಇಳಿಬಿಟ್ಟರೆ ಸಿಗುವ ಹಾಗೆ ಕೂರಿಸಿದರು. ಅರ್ಧ ಸುತ್ತು ತಿರುಗಿಸಿದರೆ ಸೇರುತ್ತಿತ್ತು, ಇನ್ನರ್ಧ ಸುತ್ತಿಗೆ ಬಿಡುತ್ತಿತ್ತು. ಎಲ್ಲಿಯೂ ತಡೆ ಇರಲಿಲ್ಲ, ಸುಮ್ಮನೆ ಸುತ್ತುತ್ತಲೇ ಇರುತ್ತಿತ್ತು. ಯಾವುದು ಯಾವ ಕಡೆ ಎಂದು ತಿಳಿಯಲು ಬಳೆ ಅಕ್ಕನ ಹತ್ತಿರ ಕೆಂಪು ನೈಲ್ ಪಾಲಿಷ್ ಇಸಿದುಕೊಂಡು ಒಂದು ಚುಕ್ಕೆ ಇಟ್ಟರು. ಚುಕ್ಕೆ ಮೇಲೆ ಇದ್ದರೆ ಜೋಡಿ. ಚುಕ್ಕೆ ಕೆಳಗೆ ಇದ್ದರೆ ಬೇರೆ.

"ನೆನಪಿಟ್ಕೋ. ಓಡುವಾಗ ಜೋಡಿ, ನಿಂತಾಗ ಬೇರೆ" ಎಂದು ನನಗೆ ಪಾಠ ಹೇಳಿದರು. ಆಮೇಲೆ ತಾವೇ ನಕ್ಕರು. "ನಮ್ಮಂಗೇ ಕಣೇ. ಓಡ್ತಾ ಇದ್ರೆ ಚೆನ್ನಾಗಿರ್ತೀವಿ. ನಿಂತ್ರೆ ಜಗಳ."

ಅದಾದ ಮೇಲೆ ಅವರಿಗೆ ಅದು ಕೈ ಅಭ್ಯಾಸವಾಗಿಬಿಟ್ಟಿತು. ಸ್ಟಾರ್ಟ್ ಮಾಡಿದ ತಕ್ಷಣ ಬಲಗೈ ಸೀಟಿನ ಕೆಳಗೆ ಇಳಿದು ಅರ್ಧ ಸುತ್ತು. ನಿಲ್ಲಿಸಿ ಕೀಲಿ ತೆಗೆದ ತಕ್ಷಣ ಮತ್ತೆ ಅರ್ಧ ಸುತ್ತು. ಚುಕ್ಕೆಯನ್ನು ಬಗ್ಗಿ ನೋಡಿದ್ದನ್ನು ನಾನು ಮೊದಲ ವಾರದ ನಂತರ ಕಂಡಿಲ್ಲ. ಚಪ್ಪಲಿ ಬಿಡುವಾಗ ಯಾರೂ ಕಾಲು ನೋಡಿಕೊಳ್ಳುವುದಿಲ್ಲ, ಹಾಗೆ.

ಎರಡು ವರ್ಷ ನಾವು ಹೀಗೆ ಆಡಿದೆವು. ಇನ್ವರ್ಟರಿನ ಮೇಲೆ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಅಂಕಿ ಇತ್ತು. ನನಗೆ ಆ ಅಂಕಿಯ ಅರ್ಥ ಹೇಳಿಕೊಡುವುದಕ್ಕೆ ಅವರು ಕಾಯಿ ಲೆಕ್ಕ ಮಾಡಿದ್ದರು. ಹನ್ನೆರಡೂವರೆ ಇದ್ದರೆ ಬಲಿತ ಕಾಯಿ, ಹನ್ನೆರಡಕ್ಕೆ ಇಳಿದರೆ ಎಳೆಗಾಯಿ, ಹನ್ನೊಂದಕ್ಕೆ ಬಂದರೆ ಎಳನೀರು. ಎಳನೀರಿಗೂ ಕೆಳಗೆ ಹೋದರೆ ಡಬ್ಬಿ ಕೀಂ ಎಂದು ಅಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಆರಿಹೋಗುತ್ತಿತ್ತು. "ಎಷ್ಟೈತೆ ನೋಡೇ" ಅನ್ನುವರು. "ಎಳೆಗಾಯಿ ಆಯ್ತು ಕಣ್ರೀ, ಇನ್ನು ಒಂದೇ ಆಟ" ಅನ್ನುವೆ. ಕೇಳಿದವರು ನಮ್ಮ ತೋಟದ ಮಾತು ಅಂದುಕೊಳ್ಳುತ್ತಿದ್ದರು.

ಅವರು ಚೆನ್ನಾಗಿ ಆಡುತ್ತಿದ್ದರು. ನಿಜವಾದ ಕಾರನ್ನು ಅವರಷ್ಟು ನಿಧಾನ ಓಡಿಸುವವರು ನಮ್ಮ ಊರಿನಲ್ಲಿ ಯಾರೂ ಇಲ್ಲ, ಎತ್ತಿನ ಗಾಡಿಯ ಹಿಂದೆ ಸಿಕ್ಕಿಕೊಂಡರೂ ಹಾರ್ನ್ ಮಾಡುತ್ತಿರಲಿಲ್ಲ. ಆಟದಲ್ಲಿ ಮಾತ್ರ ಎಲ್ಲರನ್ನೂ ಗುದ್ದಿಕೊಂಡು ಹೋಗುವರು. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆಟದಲ್ಲಿ ಕೂಡ ಮೊದಲ ತಿಂಗಳೆಲ್ಲ ಬೇಲಿಗೆ ನುಗ್ಗಿದೆ. ಆಮೇಲೆ ನಾಲ್ಕನೆಯವಳಾದೆ, ಮೂರನೆಯವಳಾದೆ. ಬೆಟ್ಟದ ದಾರಿಯ ಐದು ಸುತ್ತಿನ ರೇಸಿನಲ್ಲಿ ಎರಡಕ್ಕಿಂತ ಮೇಲೆ ಬರಲೇ ಇಲ್ಲ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಒಂದು ಹಳದಿ ಕಾರು ನನ್ನನ್ನು ದಾಟುತ್ತಿತ್ತು. ಆ ಹಳದಿ ಕಾರಿಗೆ ಅವರು ನಮ್ಮ ದೊಡ್ಡ ನಾದಿನಿಯ ಹೆಸರಿಟ್ಟಿದ್ದರು, ಅಂದರೆ ಅವರ ಸ್ವಂತ ಅಕ್ಕನ ಹೆಸರು. ನಾನು ಅದನ್ನು ಗೆಲ್ಲಬೇಕೆಂದು ನನಗಿಂತ ಅವರಿಗೇ ಆಸೆ ಇತ್ತು.

ಈಗ ದಂಡಿನಶಿವರದ ಆ ಮಧ್ಯಾಹ್ನಕ್ಕೆ ಬರುತ್ತೇನೆ.

ಬೆಳಿಗ್ಗೆಯಿಂದ ಮೋಡ ಇತ್ತು. ಅವರು ಮೊದಲು ಬಹಳ ಹೊತ್ತು ಆಡಿ, ರಿಮೋಟು ನನಗೆ ಕೊಟ್ಟು ಬಜ್ಜಿ ತರಲು ಹೋದರು. ನಾನು ಬೆಟ್ಟದ ದಾರಿ ಹಿಡಿದೆ. ಮೊದಲ ಸುತ್ತಿನಲ್ಲೇ ಮುಂದೆ ಬಂದೆ. ಎರಡು, ಮೂರು, ನಾಲ್ಕು. ನಾಲ್ಕನೆಯದು ಮುಗಿಯುವಾಗ ಡಬ್ಬಿ ಕೀಂ ಎಂದಿತು. ಅಂಕಿ ನೋಡಿದರೆ ಎಳನೀರಿಗಿಂತ ಕೆಳಗೆ ಹೋಗಿತ್ತು. ಇನ್ನು ಒಂದು ಸುತ್ತು. ಮಧ್ಯದಲ್ಲಿ ಆರಿದರೆ ಆಟ ಏನನ್ನೂ ನೆನಪಿಡುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು.

ನಾನು ಆಟ ನಿಲ್ಲಿಸಿ ಡ್ರೈವರ್ ಸೀಟಿನ ಕಡೆ ಬಗ್ಗಿ ಕೈ ಹಾಕಿ ಗುಂಡಿಯನ್ನು ಅರ್ಧ ಸುತ್ತು ತಿರುಗಿಸಿದೆ. ಚುಕ್ಕೆ ಮೇಲೆ ಬಂತು. ಕಾರಿನ ಬ್ಯಾಟರಿ ಸೇರಿಕೊಂಡಿತು. ಅಳು ನಿಂತಿತು. ಒಂದೇ ಸುತ್ತಿಗೆ ಏನಾಗುತ್ತದೆ, ಮುಗಿದ ಕೂಡಲೇ ತಿರುಗಿಸಿಬಿಡುತ್ತೇನೆ ಎಂದುಕೊಂಡೆ. ಬೀಜದ ಕಾಯಿ ಒಡೆಯುತ್ತಿದ್ದೇನೆ ಎಂದು ಆಗಲೇ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ. ಆದರೂ ಆಡಿದೆ. ಕೊನೆಯ ತಿರುವಿನಲ್ಲಿ ಹಳದಿ ಕಾರು ಪಕ್ಕಕ್ಕೆ ಬಂತು, ಈ ಸಲ ನಾನು ಜಾಗ ಬಿಡಲಿಲ್ಲ.

ಅಷ್ಟರಲ್ಲಿ ಕಿಟಕಿಯಲ್ಲಿ ಅವರ ಮುಖ. ಆಮೇಲೆ ಬಳೆ ಅಕ್ಕನ ಬಜ್ಜಿ, ಅವಳ ಮಾತು, ನಗು. ನಾನು ಆಟ ಆರಿಸಿದೆ. ಗುಂಡಿಗೆ ಕೈ ಹಾಕಬೇಕು, ಆದರೆ ಅವರು ಬಾಗಿಲಿನಲ್ಲೇ ನಿಂತಿದ್ದರು. ಇಷ್ಟು ಖುಷಿಯಾಗಿರುವವರ ಮುಂದೆ ಹೇಗೆ ಗೆದ್ದೆ ಎಂದು ತೋರಿಸಲು ಮನಸ್ಸಾಗಲಿಲ್ಲ. ಆಮೇಲೆ ತಿರುಗಿಸೋಣ ಎಂದು ಇಳಿದೆ. ಮಳೆ ಹನಿಯಿತು, ಬಟ್ಟೆಗಳನ್ನು ಎತ್ತಿಡಬೇಕಾಯಿತು, ನೈಟಿ ಕೇಳಿಕೊಂಡು ಮೂವರು ಒಟ್ಟಿಗೆ ಬಂದರು. ಆಮೇಲೆ ಎಂಬುದು ಬರಲಿಲ್ಲ. ನನಗೆ ಮರೆತೇಹೋಯಿತು.

ಸಂಜೆ ಕಾರು ಸ್ವಲ್ಪ ಎಳೆದಾಡಿ ಸ್ಟಾರ್ಟ್ ಆಯಿತು. ಥಂಡಿಗೆ ಹಿಂಗಾಡ್ತೈತೆ ಅಂದರು. ದಾರಿಯುದ್ದಕ್ಕೂ ಅದೇ ಮಾತು, ಹಳದಿ ಕಾರನ್ನು ಹೇಗೆ ಒತ್ತಿದೆ, ಮಗಳಿಗೆ ಫೋನ್ ಮಾಡಿ ಹೇಳಬೇಕು ಎಂದು. ಮನೆ ಮುಟ್ಟಿದಾಗ ಊರಿನಲ್ಲಿ ಮಳೆಗೆ ಕರೆಂಟು ಹೋಗಿತ್ತು. ಮಗಳಿಗೆ ಫೋನ್ ಮಾಡಿಯೂ ಹೇಳಿದರು.

ಬೆಳಿಗ್ಗೆ ನಾನು ಹಾಲು ಒಲೆಗೆ ಇಟ್ಟಿದ್ದೆ. ಹಿತ್ತಲಿಗೆ ಹೋಗಿದ್ದವರು ಬಂದು ಜಗಲಿಯ ಮೇಲೆ ಕೂತರು. ಬೆವರು ಸುರಿಯುತ್ತಿತ್ತು. ಬಜ್ಜಿ ತಿಂದಿದ್ದಕ್ಕೆ ಗ್ಯಾಸ್ ಅಂದರು. ಎಡಗೈ ಜೋಮು ಹಿಡಿದಂತಾಗಿದೆ ಎಂದಾಗ ನನಗೆ ಹೆದರಿಕೆಯಾಯಿತು. ಆಸ್ಪತ್ರೆಗೆ ಹೋಗೋಣ ಅಂದೆ. ತಾವೇ ಓಡಿಸುತ್ತೇನೆ ಎಂದು ಹೋಗಿ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು.

ಟಕ್ ಟಕ್.

ಮತ್ತೆ ತಿರುಗಿಸಿದರು. ಅಷ್ಟೇ ಸದ್ದು. ಅವರು ಸ್ಟೀರಿಂಗಿಗೆ ಹಣೆ ಹಚ್ಚಿ, "ಗುಂಡಿ ನೋಡೇ" ಅಂದರು. ನಾನು ಮಣ್ಣಿನಲ್ಲಿ ಮೊಣಕಾಲೂರಿ ಸೀಟಿನ ಕೆಳಗೆ ನೋಡಿದೆ. ಕೆಂಪು ಚುಕ್ಕೆ ಮೇಲೆ ಇತ್ತು.

"ಮೇಲೈತೆ" ಅಂದೆ.

"ತಿರುಗ್ಸೋದು ಮರ್ತ್ಬುಟ್ಟೆ" ಅಂದರು. "ನೋಡು, ನಂದೇ ತಪ್ಪು."

ನಾನು ಮಣ್ಣಾದ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಪಕ್ಕದ ಮನೆಯವರನ್ನು ಕೂಗಿದೆ.

ಪಕ್ಕದ ಮನೆಯ ಗಂಡ ಹೆಂಡತಿ ಬಂದರು, ನಾವು ಮೂವರು ತಳ್ಳಿದೆವು. ಮಳೆಗೆ ನೆಲ ಹಸಿಯಾಗಿ ಚಕ್ರ ಉರುಳಲಿಲ್ಲ. ಪಕ್ಕದ ಮನೆಯವನ ಗೂಡ್ಸ್ ಆಟೋ ತೋಟದಲ್ಲಿ ಕಾಯಿ ತುಂಬಿಸಿಕೊಂಡು ನಿಂತಿತ್ತು, ಅವನು ಓಡಿಹೋಗಿ ತಂದ. ಎಷ್ಟು ಹೊತ್ತಾಯಿತೆಂದು ನಾನು ಗಡಿಯಾರ ನೋಡಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ, ಬತ್ತಿ, ತಳ ಹಿಡಿದು, ಸೀದ ವಾಸನೆ ಬೀದಿಗೆ ಬರುವಷ್ಟು ಹೊತ್ತು. ಅವರನ್ನು ಮುಂದೆ ಕೂರಿಸಿದರು. ನಾನು ಹಿಂದೆ ಕಾಯಿಗಳ ಮೇಲೆ ಕೂತು ಕಂಬಿ ಹಿಡಿದುಕೊಂಡೆ. ಮುಂದಿನ ಸೀಟಿನ ಹಿಂದಿದ್ದ ಸಣ್ಣ ಗಾಜಿನಲ್ಲಿ ಅವರ ತಲೆ ಕಾಣುತ್ತಿತ್ತು. ತಿರುವು ಬಂದಾಗ ಆ ಕಡೆ ವಾಲುತ್ತಿತ್ತು. ಪ್ರತಿ ಸಲವೂ, ತಾವೇ ವಾಲಿದರೋ ಬಿದ್ದರೋ ಎಂದು ನನಗೆ ಗೊತ್ತಾಗಲಿಲ್ಲ.

ತುರುವೇಕೆರೆಯ ಆಸ್ಪತ್ರೆಯಲ್ಲಿ ನೋಡಿ ಇಂಜೆಕ್ಷನ್ ಕೊಟ್ಟು, ತುಮಕೂರಿಗೆ ಕರೆದುಕೊಂಡು ಹೋಗಿ ಎಂದು ಆಂಬುಲೆನ್ಸ್ ಕರೆಸಿದರು. ಆಂಬುಲೆನ್ಸಿನಲ್ಲಿ ನೋವು ಸ್ವಲ್ಪ ಇಳಿದಿತ್ತು, ಮಾತಾಡಿದರು. ನಾನು ಸುಮ್ಮನೆ ಮಲಗಿ ಅಂದೆ.

"ಆ ಗುಂಡಿಗೆ ಒಂದು ತಡೆ ಹಾಕಿಸ್ಬೇಕಿತ್ತು ಕಣೇ. ವಯಸ್ಸಾಯ್ತು, ಕೈಗೆ ನೆನಪಿಲ್ಲ."

"ಮಾತಾಡಬೇಡಿ ಅಂದೆನಲ್ಲ."

"ಆಯ್ತು ಬುಡು. ಫಸ್ಟ್ ಬಂದೋಳು, ನಿನ್ ಮಾತು ಕೇಳ್ಬೇಕು" ಎಂದು ಕಣ್ಣು ಮುಚ್ಚಿಕೊಂಡರು.

ಆಗ ಹೇಳಬಹುದಿತ್ತು. 'ಗುಂಡಿ ತಿರುಗಿಸಿದ್ದು ನಾನು ಕಣ್ರೀ' ಎಂದರೆ ಸಾಕಿತ್ತು. ಈ ಸ್ಥಿತಿಯಲ್ಲಿ ಇದೆಲ್ಲ ಬೇಡ, ಮನೆಗೆ ಬಂದ ಮೇಲೆ ಹೇಳಿದರಾಯಿತು, ಆಗ ಬಯ್ಯಲಿ ಎಂದು ಯೋಚಿಸಿದೆ. ಅವರ ಕೈಯಿಂದ ಬೈಸಿಕೊಳ್ಳುವ ಆಸೆಯೂ ಇತ್ತು. ಬೀಜದ ಕಾಯಿ ಒಡೆದವಳೇ ಎಂದು ಅವರು ಹೇಗೆ ಎಳೆದು ಹೇಳುತ್ತಾರೆ ಎಂಬುದು ಕೂಡ ಕಿವಿಯಲ್ಲಿ ಕೇಳಿದಂತಾಗಿತ್ತು. ಮಾರನೆಯ ದಿನ ಮಧ್ಯಾಹ್ನ ಅವರು ಹೋದರು, ಸಂತೆಯಲ್ಲಾದರೆ ನಾವು ಆಡಲು ಕೂರುವ ಹೊತ್ತಿನಲ್ಲಿ.

ಸ್ವಲ್ಪ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಒಂದು ಸಲ ಕೇಳಿದೆ. ಅದನ್ನು ಹೇಳಲು ಆಗುವುದಿಲ್ಲಮ್ಮ ಅಂದರು. ಒಳ್ಳೆಯ ಮನುಷ್ಯ, ಇದ್ದದ್ದನ್ನು ಹೇಳಿದರು. ಇನ್ನೊಂದು ಸಲ ಕೇಳಲಿಲ್ಲ.

ತಿಥಿ ಕಳೆದು ನೆಂಟರೆಲ್ಲ ಹೋದ ಮೇಲೆ, ಮಗಳು ಒಳಗೆ ಮಲಗಿದ್ದಾಗ, ನಾನು ಹೋಗಿ ಕಾರಿನ ಡ್ರೈವರ್ ಸೀಟಿನಲ್ಲಿ ಕೂತೆ. ಆ ಜಾಗದಲ್ಲಿ ಅದಕ್ಕೆ ಮೊದಲು ನಾನು ಕೂತಿರಲಿಲ್ಲ. ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಅವರು ಕಾರು ನಿಲ್ಲಿಸಿ ಇಳಿಯುವಾಗ ಕೈ ಕೆಳಗೆ ಹೋದದ್ದನ್ನು ನಾನು ಕಂಡಿದ್ದೆ. ಮನೆಯ ಮುಂದೆ, ಆ ಸಂಜೆ, ಮಳೆಯಲ್ಲಿ, ಹೌದು, ಕೈ ಹೋಗಿತ್ತು. ಹಾಗಾದರೆ ಮರೆತೆ ಎಂದು ಯಾಕೆ ಅಂದರು?

ಚುಕ್ಕೆಯನ್ನು ಮೇಲೆ ಇಟ್ಟುಕೊಂಡೆ, ನಾನು ಬಿಟ್ಟಿದ್ದ ಹಾಗೆ. ಆಮೇಲೆ ಅವರು ಮಾಡುವ ಹಾಗೆ ಮಾಡಿದೆ. ಸ್ಟಾರ್ಟ್ ಮಾಡುವಾಗ ಅರ್ಧ ಸುತ್ತು: ಚುಕ್ಕೆ ಕೆಳಗೆ ಹೋಯಿತು. ನಿಲ್ಲಿಸುವಾಗ ಅರ್ಧ ಸುತ್ತು: ಚುಕ್ಕೆ ಮೇಲೆ ಬಂತು. ದಾರಿಯಲ್ಲಿ ಜೋಡಿ ಇರಬೇಕಾದಾಗ ಬೇರೆ ಇದ್ದವು, ರಾತ್ರಿಯೆಲ್ಲ ಬೇರೆ ಇರಬೇಕಾದಾಗ ಜೋಡಿ ಇದ್ದವು. ಖಾಲಿ ಬ್ಯಾಟರಿ ಬೆಳಗಾಗುವವರೆಗೆ ಬೀಜದ ಕಾಯಿಯನ್ನು ಕುಡಿದಿತ್ತು. ಅವರು ಎರಡು ಸಲವೂ ತಿರುಗಿಸಿದ್ದರು. ನಡುವೆ ನಾನು ಒಂದು ಸಲ ಸೇರಿಸಿದ್ದರಿಂದ ಅವರ ಎರಡು ಸರಿಯೂ ತಪ್ಪಾಗಿತ್ತು.

ಈಗ ನಾನು ಕಾರು ಓಡಿಸುತ್ತೇನೆ. ಅಳಿಯ ಕಲಿಸಿದ, ಲೈಸೆನ್ಸ್ ಬಂತು. ನಮ್ಮ ಮನೆಯವರಿಗಿಂತ ನಿಧಾನ ಓಡಿಸುತ್ತೇನೆ ಎಂದು ಬಳೆ ಅಕ್ಕ ಹೇಳುತ್ತಾಳೆ. ಪೆಟ್ಟಿಗೆಯನ್ನು ಕೊಟ್ಟುಬಿಡು ಎಂದು ಮಗಳು ಎರಡು ಸಲ ಹೇಳಿ ಸುಮ್ಮನಾದಳು. ಅದು ಕಾರಿನಲ್ಲೇ ಇದೆ, ಅಲ್ಲಾಡಿದಾಗ ಒಳಗಿನ ಸ್ಕ್ರೂ ಲೊಡಲೊಡ ಅನ್ನುತ್ತದೆ. ಗುಂಡಿಯೂ ಅಲ್ಲೇ ಇದೆ. ನಾನು ಪ್ರತಿ ಸಲ ಬಗ್ಗಿ ಚುಕ್ಕೆ ನೋಡಿ ತಿರುಗಿಸುತ್ತೇನೆ, ಬಣ್ಣ ಮಾಸಿದರೆ ಬಳೆ ಅಕ್ಕನ ನೈಲ್ ಪಾಲಿಷ್ ಹಚ್ಚುತ್ತೇನೆ.

ಮಧ್ಯಾಹ್ನ ಆಡುವುದು ಬಳೆ ಅಕ್ಕನೇ. ಹೋದಲ್ಲೆಲ್ಲ ಬೇಲಿಗೆ ನುಗ್ಗಿ, ರಸ್ತೆಯನ್ನೇ ಬಯ್ಯುತ್ತಾಳೆ. ಒಂದು ದಿನ ಅರಳಗುಪ್ಪೆಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ರಿಮೋಟು ಕೆಳಗಿಟ್ಟಳು.

"ಗೊತ್ತಾಗಿದ್ರೆ ನಗಾಡ್ಬುಡ್ತಿದ್ದ ಕಣವ್ವ ನಿನ್ ಗಂಡ" ಅಂದಳು.

ಇರಬಹುದು. ನಗುತ್ತಿದ್ದರು ಎಂದೇ ನನಗೂ ಅನಿಸುತ್ತದೆ. ಅವರು ಗುಂಡಿ ತಿರುಗಿಸುವುದನ್ನು ಮರೆತಿರಲಿಲ್ಲ. ಅದು ಅವರಿಗೆ ಗೊತ್ತಿಲ್ಲ.